ಮುಷ್ಟಿಯಿಂದ ಮೂಡುವ ಹೆಜ್ಜೆ

ಗೋಕುಲಾಷ್ಟಮಿಯ ದಿನ ನಮ್ಮಲ್ಲಿ ಎಷ್ಟೋ ಮನೆಗಳ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಬಾಲಕೃಷ್ಣನ ಹೆಜ್ಜೆ ಮೂಡಿಸುತ್ತಾರೆ. ಅಕ್ಕಿ ಹಿಟ್ಟು ಕಲಸಿದ ನೀರಿನಲ್ಲಿ ಮುಷ್ಟಿಯ ಕಿರುಬೆರಳಿನ ಬದಿಯನ್ನು ಅದ್ದಿ ನೆಲಕ್ಕೊತ್ತಿದರೆ ಪಾದ. ಅದರ ನೆತ್ತಿಗೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಬೆರಳುಗಳು. ಮೊಮ್ಮಗಳಿಗೆ ಎರಡು ತುಂಬಿದ ವರ್ಷ ಅವಳ ಮುಷ್ಟಿಯನ್ನೇ ಅದ್ದಿಸಿ ಒತ್ತಿಸಿದೆ. ಎರಡಂಗುಲದ ಪಾದ ಮೂಡಿತು. ಐದು ಚುಕ್ಕಿಯ ಜಾಗದಲ್ಲಿ ಅವಳು ಒಂಬತ್ತು ಇಟ್ಟಳು. ಹಾಗೆಯೇ ಬಿಟ್ಟೆವು.

ಎಳೆಯ ಮಕ್ಕಳೊಡನೆ ಮಾಡುವ ಕೈಕೆಲಸ ಹೇಗಿರಬೇಕು ಎಂಬುದಕ್ಕೆ ಈ ಹೆಜ್ಜೆಗಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಸಾಮಾನೆಲ್ಲ ಅಡುಗೆಮನೆಯದು. ಒತ್ತುವುದು, ಚುಕ್ಕಿ ಇಡುವುದು ಆ ವಯಸ್ಸಿನ ಕೈಗೆ ಆಗಲೇ ಬರುತ್ತದೆ. ಮಾಡಿದ್ದು ಆ ಕ್ಷಣವೇ ಕಣ್ಣಿಗೆ ಕಾಣುತ್ತದೆ. ಇದೇ ಸೂತ್ರ ಹಿಡಿದು ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳೊಡನೆ ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ.

ಕೈಗೆ ಯಾವಾಗ ಏನು ಬರುತ್ತದೆ

ಹಸುಗೂಸಿನ ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಅದು ಮಗು ಬೇಕೆಂದು ಹಿಡಿದದ್ದಲ್ಲ, ತಾನಾಗಿ ಆಗುವ ಪ್ರತಿಕ್ರಿಯೆ. ಐದಾರು ತಿಂಗಳಿಗೆ ಅದು ಮಾಯವಾಗಿ, ಬೇಕಾದದ್ದಕ್ಕೆ ಕೈಚಾಚಿ ಇಡೀ ಅಂಗೈಯಿಂದ ಬಾಚುವುದು ಶುರುವಾಗುತ್ತದೆ. 9ರಿಂದ 12 ತಿಂಗಳ ನಡುವೆ ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಒಂದೇ ಒಂದು ಮಂಡಕ್ಕಿಯನ್ನು ಎತ್ತುವಷ್ಟು ಹಿಡಿತ ಬರುತ್ತದೆ. ಒಂದೂಕಾಲು, ಒಂದೂವರೆ ವರ್ಷಕ್ಕೆ ಬಣ್ಣದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಗೀಚುತ್ತದೆ. ಆಗ ಕೈ ಆಡುವುದು ಭುಜದಿಂದ. ಆದ್ದರಿಂದಲೇ ಪುಟ್ಟ ಹಾಳೆ ಸಾಲದು, ಬಿಡಿಸಿದ ದಿನಪತ್ರಿಕೆಯಷ್ಟು ಜಾಗ ಬೇಕು. ನೋಡಿ ವೃತ್ತ ಬರೆಯುವುದು ಮೂರರ ಹೊತ್ತಿಗೆ. ಮಗುವಿನಿಂದ ಮಗುವಿಗೆ ಇದರಲ್ಲಿ ಕೆಲವು ತಿಂಗಳು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹೀಗಾಗಿ ಎರಡು ವರ್ಷದ ಮಗುವಿಗೆ ಗೆರೆಯೊಳಗೆ ಬಣ್ಣ ತುಂಬು ಎಂದರೆ ಅದು ಮಗುವಿನ ಕೈ ಹಿಡಿದು ನಾವೇ ತುಂಬಿದಂತೆ. ಒತ್ತು, ಬಳಿ, ಚುಚ್ಚು, ಹರಿ, ಉಂಡೆ ಕಟ್ಟು: ಈ ಐದು ಕೆಲಸಗಳಿಗೆ ಕೈ ತಯಾರಿದೆ. ಉಳಿದದ್ದು ದೊಡ್ಡವರ ಪಾಲು.

ಆರು ತಿಂಗಳಿಗೆ: ಬಣ್ಣದ ಚೀಲ

ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಬಿಳಿ ಹಾಳೆಯೊಂದನ್ನು ಇಟ್ಟು, ಎರಡು ಚಮಚ ಅರಿಶಿನದ ಗಂಜಿ, ಎರಡು ಚಮಚ ಬೀಟ್‌ರೂಟ್ ಗಂಜಿ ಹಾಕಿ (ಗಂಜಿ ಮಾಡುವ ಬಗೆ ಮುಂದಿನ ಭಾಗದಲ್ಲಿದೆ). ಗಾಳಿ ಹೊರಗೆ ಒತ್ತಿ ಮುಚ್ಚಿ, ನಾಲ್ಕೂ ಅಂಚನ್ನು ಅಗಲವಾದ ಟೇಪಿನಿಂದ ನೆಲಕ್ಕೆ ಅಂಟಿಸಿ. ಬೋರಲು ಮಲಗಿದ ಮಗು ತಲೆ ಎತ್ತಿ ಅದರ ಮೇಲೆ ಬಡಿಯುತ್ತದೆ. ಹಳದಿ ಕೆಂಪು ಬೆರೆತು ಕಿತ್ತಳೆ ಬರುವುದನ್ನು ನೋಡುತ್ತದೆ. ಪಕ್ಕದಲ್ಲೇ ಕೂತಿರಿ, ಮುಗಿದ ಕೂಡಲೇ ಚೀಲ ಎತ್ತಿಡಿ. ಪ್ಲಾಸ್ಟಿಕ್ ಚೀಲ ಮಗುವಿನ ಬಳಿ ಬಿಡುವ ವಸ್ತುವಲ್ಲ.

ಒಂದು ವರ್ಷದ ಸುಮಾರಿಗೆ: ಗಂಜಿಯ ಬಣ್ಣ

ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಸಿ ಏರಿದಂತೆ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ಇಡೀ ಗಂಜಿ ಗಟ್ಟಿಯಾಗುತ್ತದೆ. ಬೇಯಿಸದಿದ್ದರೆ ಹಿಟ್ಟು ತಳಕ್ಕಿಳಿದು ಬಣ್ಣ ನೀರಾಗಿ ಹರಿಯುತ್ತದೆ. ಪೂರ್ತಿ ಆರಿದ ಮೇಲೆ ಮೂರು ಪಾಲು ಮಾಡಿ ಒಂದಕ್ಕೆ ಚಿಟಿಕೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ, ಮತ್ತೊಂದಕ್ಕೆ ಬೇಯಿಸಿ ರುಬ್ಬಿದ ಪಾಲಕ್ ಸೊಪ್ಪು ಬೆರೆಸಿ. ಬಾಯಿಗೆ ಹೋದರೂ ಇದು ಅನ್ನ, ಸೊಪ್ಪು. ಫ್ರಿಜ್‌ನಲ್ಲಿಟ್ಟರೆ ಮರುದಿನದವರೆಗೆ ಬಳಸಬಹುದು, ಆಮೇಲೆ ಚೆಲ್ಲಿ. ಅರಿಶಿನವನ್ನು ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿದರೆ ಒಳ್ಳೆಯದು. ಹೊಳಪಿಗೆಂದು ಸೀಸದ ಕ್ರೋಮೇಟ್ ಕಲಬೆರಕೆ ಮಾಡಿದ ಬಿಡಿ ಪುಡಿ ಮಾರುಕಟ್ಟೆಯಲ್ಲಿ ಸಿಕ್ಕಿರುವುದುಂಟು. ಸೀಸ ಮಕ್ಕಳ ಮಿದುಳಿಗೆ ಹಾನಿ.

ಒಂದೂವರೆಗೆ: ತರಕಾರಿ ಮೊಹರು

ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿದರೆ ಐದು ಎಸಳಿನ ಹೂವು. ಸೊಪ್ಪಿನ ಕಟ್ಟಿನ ಬುಡ ಕತ್ತರಿಸಿ ಒತ್ತಿದರೆ ಗುಲಾಬಿ. ಬಾಳೆದಿಂಡಿನಲ್ಲಿ ವೃತ್ತದೊಳಗೆ ವೃತ್ತ, ಬಾಳೆ ಎಲೆಯ ದಂಟಿನಲ್ಲಿ ಅರ್ಧಚಂದ್ರ. ಇವನ್ನು ಕೆತ್ತಬೇಕಿಲ್ಲ, ಗಿಡವೇ ಕೆತ್ತಿಕೊಟ್ಟಿದೆ. ಹಿಡಿಯಲು ಮಗುವಿನ ಮುಷ್ಟಿಯಷ್ಟು ಉದ್ದ ಬಿಡಿ. ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲಿಡಿ. ತೇವ ಉಳಿದರೆ ಬಣ್ಣ ಹರಡಿ ಆಕಾರ ಕೆಡುತ್ತದೆ. ತಟ್ಟೆಗೆ ಬಣ್ಣ ಸುರಿದರೆ ಮೊಹರು ಮುಳುಗುತ್ತದೆ. ಅದರ ಬದಲು ನಾಲ್ಕು ಮಡಿಕೆಯ ಹಳೆ ಬಟ್ಟೆಗೆ ಗಂಜಿ ಬಣ್ಣ ಸವರಿ ಅದರ ಮೇಲೆ ಒತ್ತಿಸಿ. ಬಾಳೆಯ ರಸ ಬಟ್ಟೆಗೆ ತಾಗಿದರೆ ಕಲೆ ಹೋಗದು, ಮಗುವಿಗೆ ಹಳೆ ಅಂಗಿ ಹಾಕಿ.

ಮುದ್ದೆಯ ಆಟ

ಮಲೆನಾಡು ಕರಾವಳಿಯ ಮನೆಗಳಲ್ಲಿ ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತಾರಲ್ಲ, ಎಲ್ಲವನ್ನೂ ಬಾಯಿಗಿಡುವ ವಯಸ್ಸಿಗೆ ಅದೇ ಸರಿ. ಬೆಂದ ಹಿಟ್ಟು, ಉಪ್ಪು ಹಾಕಬೇಕಿಲ್ಲ. ಆರಿಸಿ, ಎಣ್ಣೆ ಕೈಯಿಂದ ನಾದಿ, ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿಕೊಡಿ. ಆಡುವಷ್ಟು ಹೊತ್ತು ಕಣ್ಣು ಮಗುವಿನ ಮೇಲಿರಲಿ.

ಬಾಯಿಗಿಡುವ ಅಭ್ಯಾಸ ಬಿಟ್ಟ ಎರಡರ ಮೇಲಿನ ಮಗುವಿಗೆ ಬಹುದಿನ ಬಾಳುವ ಮುದ್ದೆ ಮಾಡಬಹುದು. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಉಪ್ಪು, ಒಂದು ಬಟ್ಟಲು ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಚಮಚ ನಿಂಬೆರಸ ಕಲಸಿ, ಬಾಣಲೆಯ ತಳ ಬಿಟ್ಟು ಒಂದೇ ಮುದ್ದೆ ಆಗುವವರೆಗೆ ಸಣ್ಣ ಉರಿಯಲ್ಲಿ ತಿರುವಿ, ಆರಿದ ಮೇಲೆ ನಾದಿ. ಉಪ್ಪು ಹಿಟ್ಟಿನ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟು ಬೇಗ ಬಾರದು. ಎಣ್ಣೆ ಕೈಗಂಟದಂತೆ ನೋಡಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಇರುತ್ತದೆ. ಇಷ್ಟು ಉಪ್ಪು ಮಗುವಿನ ಹೊಟ್ಟೆಗೆ ಸಲ್ಲದು, ತಿನ್ನಲು ಬಿಡಬೇಡಿ. ಲಟ್ಟಣಿಗೆ, ಚಮಚ, ಚಕ್ಕುಲಿ ಒರಳು ಇದ್ದರೆ ಬೇರೆ ಆಟಿಕೆ ಬೇಡ.

ಮೂರರ ಹತ್ತಿರ: ಮಣ್ಣಿನ ಎತ್ತು

ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಯೇ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನಿಂದ ಜೋಡೆತ್ತು, ಮೇವು ಹಾಕುವ ಗ್ವಾದಲಿ ಮಾಡಿ ಪೂಜಿಸುತ್ತಾರೆ. ಎತ್ತನ್ನು ಬಿಡಿಸಿ ನೋಡಿದರೆ ಒಂದು ದಪ್ಪ ಉಂಡೆ, ಒಂದು ಸಣ್ಣ ಉಂಡೆ, ನಾಲ್ಕು ತುಂಡು ಕಾಲು, ಎರಡು ಕೋಡು. ಉಂಡೆ ಕಟ್ಟುವುದು, ಹೊಸೆಯುವುದು ಮಗುವಿಗೆ, ಜೋಡಿಸುವುದು ನಿಮಗೆ, ಕಡ್ಡಿಯಿಂದ ಕಣ್ಣು ಚುಚ್ಚುವುದು ಮತ್ತೆ ಮಗುವಿಗೆ. ಕೀಲಿಗೆ ನೀರು ಸವರಿ ಅಂಟಿಸಿ. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅದಕ್ಕೆ ಬಿಸಿಲಿಗಿಡದೆ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಮಣ್ಣನ್ನು ಜರಡಿ ಹಿಡಿದು ಕಲ್ಲು, ಗಾಜಿನ ಚೂರು ತೆಗೆದಿರಬೇಕು. ಆಟ ಮುಗಿದ ಮೇಲೆ ಸೋಪಿನಿಂದ ಕೈ, ಉಗುರು ತೊಳೆಸಿ.

ಕೊಡಬಾರದವು

ಆಟಿಕೆಗಳ ಸುರಕ್ಷತಾ ಪರೀಕ್ಷೆಗೆ ಬಳಸುವ ಕೊಳವೆಯ ಒಳ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವುದು ಯಾವುದೂ ಮೂರರೊಳಗಿನ ಮಗುವಿನ ಕೈಗೆ ಬೇಡ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಹಾಗಾಗಿ ನಾಣ್ಯಕ್ಕಿಂತ ತುಸು ದೊಡ್ಡದಿರುವುದೂ ಗಂಟಲಿಗೆ ಅಪಾಯವೇ. ಮಣಿ, ಗುಂಡಿ, ಕಡಲೆಬೀಜ, ಥರ್ಮಾಕೋಲ್ ಚೂರು, ಒಡೆದ ಬಲೂನು ದೂರವಿರಲಿ. ಆಟಿಕೆ, ರಿಮೋಟಿನ ಗುಂಡು ಬ್ಯಾಟರಿ ನುಂಗಿದರೆ ಅನ್ನನಾಳ ಸುಡುತ್ತದೆ; ಸಂಶಯ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೊರಡಿ.

ಎಲೆ, ಬೀಜ ಆರಿಸುವಾಗಲೂ ಎಚ್ಚರ ಬೇಕು. ಕೆಂಪು ಕಪ್ಪಿನ ಗುಲಗಂಜಿ ನೋಡಲು ಚೆಂದ, ಅಗಿದರೆ ಪ್ರಾಣಕ್ಕೆ ಸಂಚಕಾರ. ಹರಳು ಬೀಜ, ಕಣಗಿಲೆ, ದತ್ತೂರಿಯೂ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ತೊಂದರೆ. ಹಲಸು, ಮಾವು, ದಾಸವಾಳದ ಎಲೆ ತನ್ನಿ.

ಕೂರಿಸುವ ಮುನ್ನ

ಮಗುವಿನ ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ. ಎಲ್ಲ ಜೋಡಿಸಿಟ್ಟ ಮೇಲೆಯೇ ಕರೆಯಿರಿ. ಸಾಮಾನಿಗೆಂದು ನೀವು ಎದ್ದು ಹೋದರೆ ಬಣ್ಣ ಗೋಡೆ ಸೇರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ, ಎರಡೇ ಬಣ್ಣ. ಐದು ನಿಮಿಷಕ್ಕೆ ಮಗು ಎದ್ದು ಹೋದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಬೇಡ. ತೊಳೆಯುವುದೂ ಆಟವೇ: ಒದ್ದೆ ಬಟ್ಟೆ ಕೊಟ್ಟು ನೆಲ ಒರೆಸಲು ಬಿಡಿ.

ಒಂಬತ್ತು ಬೆರಳಿನ ಆ ಪಾದವನ್ನು ಮರುದಿನ ಬೆಳಿಗ್ಗೆ ನಾವೇ ಒರೆಸಿದೆವು. ಮುಂದಿನ ಅಷ್ಟಮಿಗೆ ಅವಳು ಏಳು ಚುಕ್ಕಿ ಇಟ್ಟಳು, ಅದರ ಮುಂದಿನ ವರ್ಷ ಐದು. ಯಾರೂ ತಿದ್ದಿರಲಿಲ್ಲ. ನೀವೂ ತಿದ್ದಬೇಡಿ. ಮಗು ಬಣ್ಣ ಒತ್ತಿದ ಹಾಳೆಯ ಹಿಂದೆ ದಿನಾಂಕ ಬರೆದು ತೆಗೆದಿಡಿ.