ಹಗೇವಿನವರೆಗೂ ಬಂದ ಯುದ್ಧ

ಎರಡನೇ ಮಹಾಯುದ್ಧದಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಮೇಲೆ ಬಾಂಬು ಬೀಳಲಿಲ್ಲ. ಅಲ್ಲಿಗೆ ಯುದ್ಧ ಬಂದದ್ದು ಲೆವಿಯಾಗಿ.

1942ರಲ್ಲಿ ಬರ್ಮಾ ಜಪಾನಿನ ಪಾಲಾಗಿ ಅಲ್ಲಿಯ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದೇಶವಿಡೀ ಕಾಳಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮ್ ಸರ್ಕಾರವೂ ಬೆಳೆಯಲ್ಲಿ ಇಂತಿಷ್ಟು ಪಾಲನ್ನು ತಾನು ಹೇಳಿದ ದರಕ್ಕೇ ಅಳೆದು ಕೊಡಬೇಕೆಂದು ರೈತರಿಗೆ ಹುಕುಂ ಮಾಡಿತು; ಇದೇ ಲೆವಿ. ಖರೀದಿಗೆಂದು ಹೈದರಾಬಾದ್ ಕಮರ್ಷಿಯಲ್ ಕಾರ್ಪೊರೇಷನ್ ಹುಟ್ಟಿತು.

ಪಟ್ಟಣದ ಬಡವನ ಹೊಟ್ಟೆಗೆ ರೇಷನ್ ಬೇಕೇಬೇಕಿತ್ತು, ಅದನ್ನು ಅಲ್ಲಗಳೆಯಲಾಗದು. ಅನ್ಯಾಯವಾದದ್ದು ವಸೂಲಿಯಲ್ಲಿ. ದೇಶಮುಖರು, ದೊಡ್ಡ ಹಿಡುವಳಿದಾರರು ಲೆಕ್ಕ ತಿದ್ದಿಸಿಕೊಂಡು ಪಾರಾದರು. ಎರಡೆಕರೆಯವನು ಉಣ್ಣುವ ಕಾಳನ್ನೇ ಅಳೆದುಕೊಟ್ಟ.

ಈ ಸೀಮೆಯ ಊಟ ಜೋಳದ ರೊಟ್ಟಿ. ಜೋಳ ಕಾಯುತ್ತಿದ್ದದ್ದು ಹಗೇವು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ; ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಿಟ್ಟ ಜೋಳ ಅದು. ಲೆವಿಗೆ ಅಳೆದು ಹಗೇವು ಬರಿದಾದರೆ ಮುಂದಿನ ವರ್ಷ ಮಳೆ ಕೈಕೊಟ್ಟಾಗ ಆ ಮನೆಗೆ ಸಾಲವೇ ಗತಿ.

ನೇಕಾರರದು ಇನ್ನೊಂದು ಪಾಡು. ಅವರ ಜೋಳ ಸಂತೆಯಿಂದಲೇ ಬರಬೇಕು, ಕೂಲಿ ಮಗ್ಗದಿಂದಲೇ ಹುಟ್ಟಬೇಕು. ಯುದ್ಧದ ವರ್ಷಗಳಲ್ಲಿ ದೇಶದೆಲ್ಲೆಡೆ ಕೈಮಗ್ಗಕ್ಕೆ ನೂಲಿನ ಬರ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಜಪಾನಿನ ರೇಷ್ಮೆ ಬರುವುದು ನಿಂತಿತ್ತು, ಮೈಸೂರಿನ ರೇಷ್ಮೆ ಪ್ಯಾರಾಚೂಟಿಗೆ ಹೋಗುತ್ತಿತ್ತು.

ಅದೇ ಕಾಲಕ್ಕೆ ಯುದ್ಧಕ್ಕೆ ನಿಜಾಮರು ಕೊಟ್ಟ ಕಾಣಿಕೆಯ ನೆನಪಿಗೆ ಬ್ರಿಟಿಷ್ ವಾಯುಪಡೆಯ 152ನೇ ದಳ ‘ಹೈದರಾಬಾದ್’ ಎಂಬ ಹೆಸರು ಹೊತ್ತು ಹಾರುತ್ತಿತ್ತು. ಆ ಕಾಣಿಕೆ ಇತಿಹಾಸದ ಪುಸ್ತಕ ಸೇರಿತು. ರೈತ ಅಳೆದ ಜೋಳ ಸೇರಲಿಲ್ಲ.

1945ರಲ್ಲಿ ಯುದ್ಧ ಮುಗಿದರೂ ಲೆವಿ ಮುಗಿಯಲಿಲ್ಲ. ತೆಲಂಗಾಣದ ರೈತ ಹೋರಾಟಕ್ಕೆ ಬಿಟ್ಟಿ ಚಾಕರಿಯ ಜೊತೆಗೆ ಲೆವಿಯೂ ಕಿಚ್ಚು ಹಚ್ಚಿತು. ನಲ್ಗೊಂಡ, ವರಂಗಲ್ಲಿನ ಆ ಕಥೆ ಸಾಕಷ್ಟು ದಾಖಲಾಗಿದೆ. ಕೃಷ್ಣೆಯ ದಂಡೆಯ ಈ ಸೀಮೆಯ ಕನ್ನಡ ಮನೆಗಳ ಕಥೆ ಅಷ್ಟಾಗಿ ಆಗಿಲ್ಲ. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ 1956ರಲ್ಲಿ ಆಂಧ್ರದ ಮಹಬೂಬನಗರಕ್ಕೆ ಸೇರಿದ ಮೇಲೆ, ಕರ್ನಾಟಕದ ಚರಿತ್ರೆಕಾರರ ಕಣ್ಣಿಂದಲೂ ಮರೆಯಾಯಿತು.

ಆ ದಿನಗಳನ್ನು ಕಂಡವರಿಗೆ ಈಗ ತೊಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳಿ, ಬರೆದಿಡಿ. ಹಳೆಯ ದಫ್ತರದಲ್ಲಿ ಲೆವಿ ರಸೀದಿಯೋ ರೇಷನ್ ಚೀಟಿಯೋ ಸಿಕ್ಕರೆ, ದಯವಿಟ್ಟು ರದ್ದಿಗೆ ಹಾಕಬೇಡಿ.