ಮಡಿಸುವ ಆಟದ ಮಣೆ

ಇಕ್ಕಟ್ಟಾದ ಕೊಠಡಿಯಲ್ಲಿ ಆಟದ ಮೇಜಿಗೆ ಸ್ಥಳವೆಲ್ಲಿಯದೆಂಬ ಪ್ರಶ್ನೆಗೆ ನಮ್ಮ ಹಿರಿಯರ ಅಳಗುಳಿಮಣೆಯಲ್ಲಿಯೇ ಉತ್ತರವಿದೆ. ಗುಳಿಯೆಂದರೆ ಹಳ್ಳ, ಮಣೆಯೆಂದರೆ ಹಲಗೆ. ಸಾಲಿಗೆ ಏಳರಂತೆ 14 ಗುಳಿಗಳು. ತುಳುನಾಡಿನ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕರಂತೆ 56 ಬೀಜಗಳನ್ನಿಟ್ಟು ಆಟ ಆರಂಭಿಸುವರು. ಕೀಲುಳ್ಳ ಮಣೆಯಾದರೆ, ಬೀಜಗಳನ್ನೆಲ್ಲ ಒಂದು ಸಾಲಿಗೆ ಸೇರಿಸಿ ಮಡಿಸಿದೊಡನೆ ಅದೇ ಪೆಟ್ಟಿಗೆಯಾಗುವುದು.

ಈ ಮಾದರಿಯನ್ನು ಚದುರಂಗಕ್ಕೂ ಒಗ್ಗಿಸಬಹುದು. 16 ಅಂಗುಲ ಉದ್ದ, 8 ಅಂಗುಲ ಅಗಲ, 2 ಅಂಗುಲ ದಪ್ಪದ ಎರಡು ಹಲಗೆಗಳು ಸಾಕು. ಒಳಮೈಯಲ್ಲಿ ಕೀಲಿನ ಬದಿಗೆ ಗುಳಿಗಳ ಸಾಲು. ಉಳಿದ ಅಗಲದಲ್ಲಿ ಸರಿಯುವ ಮುಚ್ಚಳವುಳ್ಳ ತೊಟ್ಟಿ, ಒಂದರಲ್ಲಿ ಬಿಳಿಯ ಕಾಯಿಗಳು, ಇನ್ನೊಂದರಲ್ಲಿ ಕರಿಯವು. ತೆರೆದು ಬೋರಲು ಹಾಕಿದರೆ 16 ಅಂಗುಲದ ಚೌಕ. ಅದರ ಮೇಲೆ ಎರಡೆರಡು ಅಂಗುಲದ 64 ಮನೆಗಳು. ಕೀಲಿನ ಉಬ್ಬು ತಾಕದಂತೆ ಅಡಿಗೆ ಎರಡು ಪಟ್ಟಿಗಳನ್ನಿಡಬೇಕು. ಮರವಂತೂ ಚೆನ್ನಾಗಿ ಒಣಗಿರಲಿ. ಹಸಿಯ ಹಲಗೆ ಸೊಟ್ಟಗಾದರೆ ಬಾಯಿ ಕೂಡದೆ ಬೀಜಗಳು ಸೋರುವುವು.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಒಂಟೆ ಕಳೆದುಹೋಗಿ ಕೊಠಡಿಯ ಚದುರಂಗವೇ ನಿಂತುಹೋಯಿತು. ಅಂಗಿಯ ಗುಂಡಿಯನ್ನಿಟ್ಟು ಆಡಿದೆವಾದರೂ ಜಗಳ ತಪ್ಪಲಿಲ್ಲ. ಆದಕಾರಣ ತೊಟ್ಟಿಯೊಳಗೆ ಕಾಯಿಗೊಂದರಂತೆ ಹದಿನಾರು ಗೂಡುಗಳನ್ನು ಕೊರೆಯಿಸುವುದು ಮೇಲು. ಬರಿದಾದ ಗೂಡು ಮುಚ್ಚುವಾಗಲೇ ಕಣ್ಣಿಗೆ ಬೀಳುವುದು.