ಬಾಗಿಲ ಪಕ್ಕದ ಬೆಂಚು

ಪರಮಪ್ರಸಾದದ ಸಾಲು ಮೆಲ್ಲಗೆ ಸರಿಯುತ್ತಿರುತ್ತದೆ. ಹಿಂದಿನವರ ಉಸಿರು ಕುತ್ತಿಗೆಗೆ ತಾಗುತ್ತದೆ, ಧೂಪದ ಹೊಗೆ ಗಂಟಲು ಕಟ್ಟುತ್ತದೆ, ಎದೆ ಡವಗುಟ್ಟುತ್ತದೆ. ಸಾಲು ಬಿಟ್ಟು ಓಡೋಣವೆಂದರೆ ಅಷ್ಟೂ ಕಣ್ಣುಗಳು ತನ್ನ ಮೇಲೇ ಇವೆ ಅನಿಸುತ್ತದೆ. ದೆಹಲಿಯ ಗೋಲ್ ಡಾಕ್‌ಖಾನೆ ಬಳಿಯ ಸೇಕ್ರೆಡ್ ಹಾರ್ಟ್ ಪ್ರಧಾನಾಲಯದಂಥ ದೊಡ್ಡ ಚರ್ಚಿನಲ್ಲಿ ಕ್ರಿಸ್‌ಮಸ್ ನೂಕುನುಗ್ಗಲಿನ ನಡುವೆ ಸಿಕ್ಕಿಕೊಂಡರಂತೂ ಆತಂಕದ ಕಾಯಿಲೆಯವರ ಪಾಡು ಹೇಳತೀರದು.

ದೆಹಲಿಯಲ್ಲಿ ಕಾರಣವಿರುವ ಭಯವೂ ಉಂಟು. 2014ರ ಡಿಸೆಂಬರ್ 1ರಂದು ದಿಲ್ಶಾದ್ ಗಾರ್ಡನ್ನಿನ ಸೇಂಟ್ ಸೆಬಾಸ್ಟಿಯನ್ ಚರ್ಚ್ ಬೆಂಕಿಗೆ ಆಹುತಿಯಾಯಿತು. ಅಂಥ ಭಯಕ್ಕೆ ಪೊಲೀಸ್ ಕಾವಲು ಹಾಕಬಹುದು. ಕಾರಣವೇ ಇಲ್ಲದೆ ನುಗ್ಗುವ ಗಾಬರಿಗೆ ಯಾರನ್ನು ಕಾವಲಿಡುವುದು?

ಅದರ ಮೇಲೆ ಪಾಪಭೀತಿ ಬೇರೆ. ಭಾನುವಾರದ ಪೂಜೆ ತಪ್ಪಿಸುವುದು ಪಾಪವೆಂದು ಬಾಲ್ಯದಿಂದ ಕೇಳಿದವರು ನಡುಗುತ್ತಲೇ ಕೂರುತ್ತಾರೆ. ಆದರೆ ಕ್ಯಾಥೊಲಿಕ್ ಧರ್ಮೋಪದೇಶವೇ ಕಾಯಿಲೆಯಂಥ ಗಂಭೀರ ಕಾರಣಕ್ಕೆ ವಿನಾಯಿತಿ ಕೊಟ್ಟಿದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ತಾನೆ? ಇದನ್ನು ಪ್ರವಚನದಲ್ಲೇ ಹೇಳಿಬಿಟ್ಟರೆ ಎಷ್ಟೋ ಜನರ ಹೊರೆ ಇಳಿದೀತು. ಸಂತ ಇಗ್ನೇಷಿಯಸ್ ಲೊಯೋಲಾ ಕೂಡ ಇಂಥ ಪಾಪಭೀತಿಯಿಂದ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ ಸಾಯುವ ಯೋಚನೆಯವರೆಗೂ ಹೋಗಿದ್ದರು. ಇನ್ನು ಆ ಪಾಪಗಳನ್ನು ಎತ್ತುವುದಿಲ್ಲ ಎಂದು ನಿಶ್ಚಯಿಸಿದ ಮೇಲಷ್ಟೇ ಬಿಡುಗಡೆ ಸಿಕ್ಕಿತು. ಸಂತರಿಗೇ ಹೀಗಾಗಿತ್ತು ಎಂಬುದು ಸಣ್ಣ ಸಮಾಧಾನವಲ್ಲ.

ಹಾಗೆಂದು ಮನೆಯಲ್ಲೇ ಉಳಿದರೆ ಭಯ ಬಲಿಯುತ್ತದೆ. ಗಾಬರಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನೇ ಇಳಿಯುತ್ತದೆ. ಬಾಗಿಲ ಪಕ್ಕದ ಬೆಂಚು ಹಿಡಿಯಿರಿ, ಜನ ಕಡಿಮೆಯಿರುವ ಪೂಜೆ ಆರಿಸಿಕೊಳ್ಳಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ತಡೆಯಲಾಗದಿದ್ದರೆ ಜಗಲಿಗೆ ಹೋಗಿ, ಆದರೆ ಮನೆಗೆ ಹೊರಡಬೇಡಿ. ಎದೆಬಡಿತ ತಗ್ಗಿದ ಮೇಲೆ ಒಳಗೆ ಬನ್ನಿ. ಹಾಗೆ ಮರಳಿ ಬರುವುದರಿಂದಲೇ ಭಯ ಸಡಿಲವಾಗುವುದು. ಪರಮಪ್ರಸಾದಕ್ಕೆ ಸಾಲಿನ ಕೊನೆಯಲ್ಲಿ ನಿಲ್ಲಬಹುದು, ಫಾದರ್‌ಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು.

ಹೀಗೆ ಹೊರಗೆ ಹೋಗಿ ಬರುವ ವಿಷಯದಲ್ಲಿ ಮಹಾನಗರವೇ ವಾಸಿ. ಕರಾವಳಿಯ ಇಗರ್ಜಿಯಲ್ಲಿ ನಡುವೆ ಎದ್ದು ಹೋದರೆ ಅಂಗಳದಲ್ಲೇ ಯಾರಾದರೂ ಹಿಡಿದು ಕೇಳುತ್ತಾರೆ, “ಎಂತಾಯ್ತು ಮಾರಾಯ್ತಿ?” ದೆಹಲಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಗಾಬರಿ ಪದೇ ಪದೇ ಬರುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಪ್ರಾರ್ಥನೆ ಚಿಕಿತ್ಸೆಗೆ ಅಡ್ಡಿಯಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡವೂ ನಡೆಯುತ್ತದೆ.